ಸೊಂಟದ ಪಟ್ಟಿ ತಿದ್ದಿದ ನಕ್ಷೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಗಸ್ತು ಕಾರುಗಳಿಗೆ ಲ್ಯಾಪ್‌ಟಾಪ್, ರೇಡಿಯೊ, ಸೈರನ್‌ಗಳನ್ನು ಕೂರಿಸಿಕೊಡುವ ಸಂಸ್ಥೆಯೊಂದರಲ್ಲಿ ನಾನು ಕೆಲವು ವರ್ಷ ವಿನ್ಯಾಸದ ಕೆಲಸ ಮಾಡಿದ್ದೇನೆ. ನಾನು ರಚಿಸಿದ ಮೊದಲ ಲ್ಯಾಪ್‌ಟಾಪ್ ಸ್ಟ್ಯಾಂಡು ಕಂಪ್ಯೂಟರಿನ ಪರದೆಯ ಮೇಲೆ ಬಹಳ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಒಬ್ಬ ಸಾರ್ಜೆಂಟರು ಪೂರ್ಣ ಸಮವಸ್ತ್ರದಲ್ಲಿ ಬಂದು ಕುಳಿತು, ಸೀಟ್ ಬೆಲ್ಟ್ ಬಿಚ್ಚಲು ಬಲಗೈ ಕೆಳಗಿಳಿಸಿದಾಗ, ಆ ಕೈ ಸ್ಟ್ಯಾಂಡಿನ ಕಂಬಕ್ಕೂ ಅವರ ಸೊಂಟದ ಪಿಸ್ತೂಲಿಗೂ ನಡುವೆ ಸಿಕ್ಕಿಕೊಂಡಿತು. ಅಲ್ಲಿ ಚಾಲಕ ಎಡಗಡೆ ಕೂರುವುದರಿಂದ ಬೆಲ್ಟಿನ ಬಕಲ್ ಬಲಬದಿಗೆ, ಅಂದರೆ ಉಪಕರಣಗಳೆಲ್ಲ ಒತ್ತೊತ್ತಾಗಿ ಸೇರಿರುವ ಜಾಗಕ್ಕೇ ಬರುತ್ತದೆ. "ಓಡುತ್ತಿರುವವನು ನಾನು ಇದನ್ನು ಬಿಡಿಸಿಕೊಳ್ಳುವವರೆಗೆ ಕಾಯುತ್ತಾನೆಯೇ?" ಎಂದು ಅವರು ಕೇಳಿದರು.

ಆ ವಾರವೇ ನಾನು ನಕಲಿ ಪಿಸ್ತೂಲು, ಕೈಕೋಳ, ಟಾರ್ಚು, ರೇಡಿಯೊ ತೂಗಿದ ಪಟ್ಟಿಯೊಂದನ್ನು ಎರವಲು ತಂದು, ಸೊಂಟಕ್ಕೆ ಕಟ್ಟಿಕೊಂಡೇ ಕಾರಿನೊಳಗೆ ಕುಳಿತು ಅಳತೆ ತೆಗೆಯಲಾರಂಭಿಸಿದೆ. ಒಂದು ಗಂಟೆ ಕಳೆಯುವಷ್ಟರಲ್ಲಿ ನಡು ಹಿಡಿದುಕೊಂಡಿತು. ಫೋರ್ಡ್ ಕಂಪನಿ ತನ್ನ ಪೊಲೀಸ್ ಕಾರುಗಳ ಮುಂಭಾಗದ ಸೀಟಿನಲ್ಲಿ ಇಕ್ಕೆಲದ ಉಬ್ಬುಗಳನ್ನು ಏಕೆ ತಗ್ಗಿಸಿದೆ ಎಂಬುದು ಆಗ ನನಗೆ ಮೈಯಿಂದಲೇ ತಿಳಿಯಿತು. ಆ ಕಂಪನಿ ವಿವಿಧ ಇಲಾಖೆಗಳ ಪೊಲೀಸರನ್ನೊಳಗೊಂಡ ಸಲಹಾ ಮಂಡಳಿಯೊಂದನ್ನು ಇಟ್ಟುಕೊಂಡಿದೆ. ಮುಂದಿನ ಸೀಟುಗಳ ಬೆನ್ನಿನೊಳಗೆ, ಹಿಂದೆ ಕುಳಿತ ಬಂಧಿ ಚೂರಿ ಹಾಕದಂತೆ ಉಕ್ಕಿನ ತಗಡು ಇರುತ್ತದೆ. ಫೋರ್ಡಿನ ಹಳೆಯ ಪೊಲೀಸ್ ಕಾರಾದ ಕ್ರೌನ್ ವಿಕ್ಟೋರಿಯದ ತಯಾರಿಕೆ 2011ರಲ್ಲಿ ನಿಂತು, ಎಕ್ಸ್‌ಪ್ಲೋರರ್ ಎಂಬ ಅದರದೇ ಎಸ್‌ಯುವಿ ಆಧಾರಿತ ಪೊಲೀಸ್ ವಾಹನ ಬಂದಾಗಲೂ ಗೇರಿನ ಹಿಡಿಯನ್ನು ಸ್ಟೀರಿಂಗ್ ಕಂಬದ ಮೇಲೆಯೇ ಉಳಿಸಲಾಯಿತು. ನಡುವಿನ ಜಾಗ ನಮ್ಮಂಥವರ ಉಪಕರಣಗಳಿಗೆ ಬೇಕಾಗಿತ್ತಲ್ಲ.

ಇಲಾಖೆಗಳ ಮಾತಿಗೆ ಇಷ್ಟು ತೂಕ ಬಂದದ್ದಕ್ಕೆ ಮಿಷಿಗನ್ ರಾಜ್ಯ ಪೊಲೀಸರು 1970ರ ದಶಕದಿಂದ ನಡೆಸುತ್ತಿರುವ ಪರೀಕ್ಷೆಗಳೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ವೇಗ, ಬ್ರೇಕು, ತಿರುವುಗಳಲ್ಲಿನ ಹಿಡಿತಗಳ ಜೊತೆಗೆ, ಕೂರುವ ಅನುಕೂಲ ಮತ್ತು ರೇಡಿಯೊ ಜೋಡಣೆಯ ಸೌಕರ್ಯಕ್ಕೂ ಅವರು ಅಂಕ ಕೊಟ್ಟು, ಫಲಿತಾಂಶವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಾರೆ. ಕೊಳ್ಳುವವರು ಓದುವ ಪಟ್ಟಿಯಲ್ಲಿ ತಮ್ಮ ಕಾರು ಕೆಳಗಿರುವುದನ್ನು ಯಾವ ತಯಾರಕರು ತಾನೇ ಸಹಿಸುತ್ತಾರೆ!

ಹಾಗೆಂದು ಪೊಲೀಸರು ಕೇಳಿದ್ದನ್ನೆಲ್ಲ ನಾನು ಕೊಡಲಿಲ್ಲ. ಲ್ಯಾಪ್‌ಟಾಪ್ ಇನ್ನಷ್ಟು ಹತ್ತಿರಕ್ಕೆ, ಎತ್ತರಕ್ಕೆ ಬೇಕೆಂದು ಹಲವರು ಹಟ ಹಿಡಿದರು. ಏರ್‌ಬ್ಯಾಗ್ ಉಬ್ಬಿದಾಗ ಆವರಿಸುವಷ್ಟು ಜಾಗಕ್ಕೆ ರಟ್ಟನ್ನು ಕತ್ತರಿಸಿ ಡ್ಯಾಶ್‌ಬೋರ್ಡಿಗೆ ಅಂಟಿಸಿ ತೋರಿಸಿದ ಮೇಲೆಯೇ ವಾದ ನಿಂತದ್ದು. ಕೊನೆಗೆ ಕಂಬವನ್ನು ಮುಂದಕ್ಕೆ ಸರಿಸಿ, ಪರದೆಯನ್ನು ತಗ್ಗಿಸಿ, ಚಾಲಕನ ಕಡೆಗೆ ತಿರುಗುವ ಕೀಲೊಂದನ್ನು ಮಾತ್ರ ಸೇರಿಸಿದೆ. ಎತ್ತರದವರು, ಕುಳ್ಳಗಿನವರು, ಎಡಗೈಯವರು ಎಲ್ಲರನ್ನೂ ಕರೆಸಿ ಕೂರಿಸಿ, ಬೆಲ್ಟ್ ಬಿಚ್ಚಿ ಇಳಿಯುವುದನ್ನು ಮತ್ತೆ ಮತ್ತೆ ಮಾಡಿಸಿದೆ. ಎಡಗೈಯವರ ಪಿಸ್ತೂಲು ಬಾಗಿಲಿನ ಕಡೆಗಿರುವುದರಿಂದ ಅವರ ತೊಂದರೆಯೇ ಬೇರೆ. ಅದಕ್ಕೆ ಸ್ಟ್ಯಾಂಡಿನಲ್ಲಿ ಪರಿಹಾರವಿರಲಿಲ್ಲ.

ಅದೇ ಸಾರ್ಜೆಂಟರು ಎರಡನೆಯ ಸಲ ಬಂದಾಗ ಕುಳಿತರು, ಬಕಲ್ ಒತ್ತಿದರು, ಸರಾಗವಾಗಿ ಇಳಿದರು. ಒಳ್ಳೆಯದಾಗಿದೆ ಎಂದೇನೂ ಹೇಳಲಿಲ್ಲ. ಕೀಲಿಮಣೆಯ ಮೇಲಿನ ದೀಪ ಬಿಳಿಯದಾಗಿರುವುದರಿಂದ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೋರೈಸುತ್ತದೆ, ಕೆಂಪು ದೀಪ ಹಾಕಿ ಎಂದರು. ಸಂಜೆಯೊಳಗೆ ಕೆಂಪು ದೀಪಕ್ಕೆ ಆರ್ಡರ್ ಕಳಿಸಿದೆ.