ಮೂರು ಅರ್ಜಿ, ಮೂರೂ ರಿಜೆಕ್ಟ್: ಕ್ರೆಡಿಟ್ ಕಾರ್ಡ್ ವಿಷಯದಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಪ್ರಿಂಟರ್ ಕೆಟ್ಟು ಹೊಸದು ತರಬೇಕಾದಾಗ ಒಂದೇ ತಿಂಗಳಲ್ಲಿ ಮೂರು ಬ್ಯಾಂಕಿಗೆ ಮೊಬೈಲಿನಲ್ಲೇ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದೆ. ಒಂದು ಕಡೆಯಾದರೂ ಸಿಗುತ್ತೆ ಅಂದುಕೊಂಡಿದ್ದೆ. ಮೂರೂ ಕಡೆ ರಿಜೆಕ್ಟ್ ಆಯಿತು. ಕೊನೆಗೆ ಚೀಟಿ ಎತ್ತಿ ಪ್ರಿಂಟರ್ ತಂದೆ.

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅದು ಗೊತ್ತಾದ ಮೇಲೆ ಮೂರೂ ಕಡೆ ಬರೆದು ಕೇಳಿದೆ. ಒಂದು ಬ್ಯಾಂಕಿಗೆ ಎರಡು ವರ್ಷದ ಐಟಿ ರಿಟರ್ನ್ಸ್ ಬೇಕಿತ್ತು, ನನ್ನ ಹತ್ತಿರ ಒಂದೇ ವರ್ಷದ್ದಿತ್ತು. ಇನ್ನೊಂದಕ್ಕೆ ಸಂಬಳದವರೇ ಆಗಬೇಕಿತ್ತು. ಮೂರನೆಯದು ಕೊಟ್ಟ ಕಾರಣ ಓದಿ ಬೇಜಾರಾಯಿತು: ಇತ್ತೀಚೆಗೆ ಬೇರೆ ಬ್ಯಾಂಕುಗಳಲ್ಲಿ ಸಾಲಕ್ಕೆ ವಿಚಾರಣೆ ಹೆಚ್ಚಾಗಿದೆ.

ನಮ್ಮ ಸಾಲದ ಚರಿತ್ರೆ, ಅದಕ್ಕೆ ಕೊಟ್ಟ ಅಂಕ (ಸ್ಕೋರ್) ಎರಡೂ ಇರುವ ಸಿಬಿಲ್ ರಿಪೋರ್ಟ್ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತೆ, ತೆಗೆದು ನೋಡಿದೆ. ಎನ್‌ಕ್ವೈರಿ ಅನ್ನೋ ಪುಟದಲ್ಲಿ ಮೂರು ಸಾಲು, ಮೂರರ ತಾರೀಖೂ ಒಂದರ ಬೆನ್ನಿಗೆ ಒಂದು. ನಾವೇ ನಮ್ಮ ರಿಪೋರ್ಟ್ ನೋಡಿಕೊಂಡರೆ ಸ್ಕೋರ್ ಇಳಿಯಲ್ಲ. ಅರ್ಜಿ ಹಾಕಿದ್ದಕ್ಕೆ ಬ್ಯಾಂಕ್ ನೋಡಿದರೆ ಮಾತ್ರ ಅಲ್ಲಿ ಗುರುತು ಬೀಳುತ್ತೆ. ಮೊದಲೆರಡು ಬ್ಯಾಂಕಿಗೆ ಹೋಗಿ ಒಂದು ಮಾತು ಕೇಳಿದ್ದರೆ ಆ ಸಾಲುಗಳು ಬೀಳುತ್ತಲೇ ಇರಲಿಲ್ಲ.

ಆಮೇಲೆ ಆರು ತಿಂಗಳು ಎಲ್ಲೂ ಅರ್ಜಿ ಹಾಕಲಿಲ್ಲ. ಕಾರ್ಡಿನ ಮುಖ್ಯ ಷರತ್ತುಗಳ ಕಾಗದವನ್ನು ಅಂಗಡಿಯಲ್ಲೇ ಪ್ರಿಂಟ್ ತೆಗೆದು, ಗಿರಾಕಿ ಇಲ್ಲದ ಮಧ್ಯಾಹ್ನ ಪೆನ್ಸಿಲ್ ಹಿಡಿದು ಓದಿದೆ. ಅಕ್ಷರ ತೀರಾ ಸಣ್ಣ, ಎ3 ಹಾಳೆಗೆ ದೊಡ್ಡದು ಮಾಡಿಕೊಂಡೆ. ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್ ಅಂತಿತ್ತು, ಅಂದರೆ ವರ್ಷಕ್ಕೆ 42. ಮಾರ್ಜಿನ್ನಿನಲ್ಲೇ ಲೆಕ್ಕ ಹಾಕಿದೆ. 20,000 ಬಿಲ್ಲಿಗೆ ಮಿನಿಮಮ್ ಅಂತ 1,000 ಮಾತ್ರ ಕಟ್ಟಿದರೆ ಉಳಿದ 19,000ಕ್ಕೆ ತಿಂಗಳಿಗೆ 665 ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಅಷ್ಟೇ ಅಲ್ಲ, ಬಾಕಿ ಪೂರ್ತಿ ತೀರುವವರೆಗೆ ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ. ಎಟಿಎಮ್ಮಿನಲ್ಲಿ ಆ ಕಾರ್ಡಿಂದ ನಗದು ತೆಗೆದರಂತೂ ಬಡ್ಡಿಯಿಲ್ಲದ ದಿನ ಒಂದೂ ಇಲ್ಲ, ಚಾರ್ಜ್ ಬೇರೆ. ಆ ಸಾಲಿಗೆ ಎರಡು ಸಲ ಗೆರೆ ಎಳೆದೆ.

ನಂತರ ನನ್ನ ಖಾತೆ ಇರುವ ಶಾಖೆಗೇ ಹೋಗಿ, ಅರ್ಜಿ ಫಾರಂ ಮುಟ್ಟುವ ಮೊದಲು ಕೇಳಿದೆ: "ಮೇಡಂ, ಅಂಗಡಿ ಇಟ್ಟವ್ರಿಗೆ, ಒಂದೇ ವರ್ಷದ ರಿಟರ್ನ್ಸ್ ಇದ್ರೆ ಯಾವ ಕಾರ್ಡ್ ಆಗುತ್ತೆ?"

"ಎಫ್‌ಡಿ ಮೇಲೆ ತಗೊಳ್ಳಿ ಸರ್, ಆದಾಯದ ಕಾಗದ ಕೇಳಲ್ಲ. ಆದ್ರೆ ಕಾರ್ಡ್ ಕ್ಲೋಸ್ ಮಾಡೋವರೆಗೂ ಎಫ್‌ಡಿ ಮುರಿಸೋಕಾಗಲ್ಲ."

50,000 ಎಫ್‌ಡಿ ಇಟ್ಟೆ, 40,000 ಲಿಮಿಟ್ ಬಂತು. ಟೋನರ್, ಕಾಗದ ಎಲ್ಲ ಈಗ ಅದರಲ್ಲೇ ತರೋದು. ಸ್ಟೇಟ್‌ಮೆಂಟ್ ಬಂದ ಮರುದಿನ ಕೊಂಡರೆ ಕಟ್ಟೋಕೆ ಹೆಚ್ಚು ದಿನ ಸಿಗುತ್ತೆ, ಹಾಗಾಗಿ ದೊಡ್ಡ ಖರೀದಿ ಆ ವಾರಕ್ಕೇ ಇಟ್ಟುಕೊಳ್ಳುತ್ತೇನೆ. ಬಿಲ್ ಪೂರ್ತಿ ಕಟ್ಟುತ್ತೇನೆ.

ಕಾರ್ಡಿಗೆ ಅಂತ ಪಾನ್, ಆಧಾರ್ ಜೆರಾಕ್ಸ್ ಮಾಡಿಸೋಕೆ ಹುಡುಗರು ಬರುತ್ತಾರೆ. ಕಾಪಿ ಕೊಡುವಾಗ ಒಂದು ಮಾತು ಕೇಳುತ್ತೇನೆ: "ಬ್ಯಾಂಕಿಗೆ ಹೋಗಿ ವಿಚಾರಿಸಿದೀಯೇನಪ್ಪಾ?" ಇಲ್ಲ ಅಂದರೆ ಡ್ರಾಯರಿನಿಂದ ಆ ಎ3 ಹಾಳೆ ತೆಗೆದು ಕೌಂಟರ್ ಮೇಲೆ ಹರಡುತ್ತೇನೆ.