ಹೃದಯದ ಚಿಂತೆಗೆ ಕುತ್ತಿಗೆಯ ಸ್ಕ್ಯಾನ್: ಅಳತೆ ಹೇಗೆ, ಓದುವುದು ಹೇಗೆ?

ಹೃದಯ ತೋರಿಸಲೆಂದು ತೀರ್ಥಹಳ್ಳಿಯಿಂದ ಬೆಳಗಿನ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದಿದ್ದೀರಿ. ಡಾಕ್ಟರು ಕುತ್ತಿಗೆಯ ಸ್ಕ್ಯಾನ್ ಬರೆದುಕೊಟ್ಟರು. ನೋಡಬೇಕಾದ್ದು ಎದೆ ಅಲ್ವಾ ಅನ್ನಿಸುತ್ತದೆ. ಆದರೆ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ ಕುತ್ತಿಗೆಯ ಎರಡೂ ಬದಿ ಚರ್ಮದ ಹತ್ತಿರವೇ ಇದೆ. ಬಿಪಿ, ಶುಗರ್, ಹೊಗೆಸೊಪ್ಪು ಹೃದಯದ ನಾಳಗಳಿಗೆ ಮಾಡುವ ಹಾನಿ ಇದರ ಗೋಡೆಗೂ ತಟ್ಟುತ್ತದೆ. ಗೋಡೆ ನಿಧಾನವಾಗಿ ದಪ್ಪವಾಗುತ್ತದೆ.

ಈ ಸ್ಕ್ಯಾನ್‌ಗೆ ಉಪವಾಸ ಬೇಕಿಲ್ಲ. ಕಾಲರ್ ಸಡಿಲವಿರುವ ಬಟ್ಟೆ ಹಾಕಿಕೊಳ್ಳಿ, ಸರ ತೆಗೆದಿಡಿ.

ಮೊದಲು ಅಂಗಾತ ಮಲಗಿಸಿ, ಕತ್ತನ್ನು ಒಂದು ಬದಿಗೆ ತಿರುಗಿಸುತ್ತಾರೆ. ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಪ್ರೋಬ್ ಇಡುತ್ತಾರೆ. ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ನಾಳ ಎರಡಾಗಿ ಕವಲೊಡೆಯುವ ಮುಂಚೆ ಸ್ವಲ್ಪ ಉಬ್ಬಿರುತ್ತದೆ. ಅದಕ್ಕಿಂತ ಸುಮಾರು 1 ಸೆಂ.ಮೀ. ಕೆಳಗೆ, ಪ್ರೋಬ್‌ನಿಂದ ದೂರದ ಗೋಡೆಯನ್ನು ಅಳೆಯುತ್ತಾರೆ. ಪರದೆಯ ಮೇಲೆ ಅಲ್ಲಿ ಎರಡು ಬಿಳಿ ಗೆರೆ, ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಮೊದಲ ಗೆರೆಯ ಅಂಚಿನಿಂದ ಎರಡನೆಯದರ ಅಂಚಿನವರೆಗಿನ ಅಂತರವೇ ದಪ್ಪ. 1986ರಲ್ಲಿ ಇಟಲಿಯ ಸಂಶೋಧಕರು ವಿವರಿಸಿದ ಕ್ರಮ ಇದು. ಎರಡೂ ಬದಿ ಹಲವು ಸಲ ಅಳೆದು ಸರಾಸರಿ ತೆಗೆಯಬೇಕು. ಪ್ರೋಬ್ ಸ್ವಲ್ಪ ವಾಲಿದರೂ ಅಂಕಿ ಬದಲಾಗುತ್ತದೆ. ಇಲ್ಲಿನ ಲೆಕ್ಕವೆಲ್ಲ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ ತಾನೇ!

ರಿಪೋರ್ಟ್ ಬಂದಾಗ ಸುಮ್ನೆ ಅಂಕಿ ನೋಡಿ ಹೆದರಬೇಡಿ. 0.9 ಮಿ.ಮೀ. ದಾಟಿದರೆ ದಪ್ಪ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ವಯಸ್ಸಾದಂತೆ ಎಲ್ಲರಲ್ಲೂ ಗೋಡೆ ದಪ್ಪವಾಗುತ್ತದೆ. 35ರ ಹರೆಯದವರಿಗೆ 0.8 ಜಾಸ್ತಿಯೇ, 65 ದಾಟಿದವರಿಗೆ ಅಷ್ಟಿರುವುದು ಸಾಮಾನ್ಯ. ನನ್ನ ಮಟ್ಟಿಗೆ, ಅದಕ್ಕಿಂತ ಮುಖ್ಯವಾದ ಪ್ರಶ್ನೆ ‘ಪ್ಲಾಕ್ ಇದೆಯಾ?’ ಎನ್ನುವುದು. ಒಂದೇ ಜಾಗದಲ್ಲಿ 1.5 ಮಿ.ಮೀ.ಗಿಂತ ದಪ್ಪವಾಗಿ ಒಳಕ್ಕೆ ಚಾಚಿದ ಗಡ್ಡೆಯಂಥದ್ದನ್ನು ಪ್ಲಾಕ್ ಎನ್ನುತ್ತಾರೆ. ಅದು ಕಂಡರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿದೆ ಎಂದೇ ಅರ್ಥ.

ಹಾಗಂತ ಎಲ್ಲರೂ ಈ ಸ್ಕ್ಯಾನ್‌ಗೆ ಓಡಬೇಕಿಲ್ಲ. 2013ರ ಅಮೆರಿಕದ ಹೃದ್ರೋಗ ಮಾರ್ಗಸೂಚಿಯೇ ಇದನ್ನು ಮಾಮೂಲಿ ತಪಾಸಣೆಯಾಗಿ ಮಾಡುವುದು ಬೇಡ ಎಂದಿತ್ತು. ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಊಟಕ್ಕೆ ಮಿಡಿ ಉಪ್ಪಿನಕಾಯಿ, ಊಟದ ಮೇಲೆ ಹೊಗೆಸೊಪ್ಪು ಸೇರಿದ ಕವಳ ನಮ್ಮ ಕಡೆ ಎಷ್ಟು ಮನೆಯಲ್ಲಿ ಇಲ್ಲ? ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಸ್ಕ್ಯಾನ್ ಬೇಕೋ ಬೇಡವೋ ಎಂದು ಅವರು ತೀರ್ಮಾನಿಸುವುದು ಅದರ ಮೇಲೆಯೇ.