ಉದ್ಯಮಬಾಗದಲ್ಲಿ ಕೆಲಸ ಬೇಕಾ? ಮೊದಲು ವರ್ನಿಯರ್ ಓದಲು ಕಲಿಯಿರಿ

ಐಟಿಐ ಮುಗಿಸಿದ ಹುಡುಗರು ಗೋಕಾಕ, ಬೈಲಹೊಂಗಲ, ಖಾನಾಪುರದಿಂದ ಫೈಲು ಹಿಡಿದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಬರುತ್ತಾರೆ. ಮಾರ್ಕ್ಸ್ ಚೆನ್ನಾಗಿಯೇ ಇರುತ್ತವೆ. ಸೂಪರ್‌ವೈಸರ್ ಆ ಫೈಲನ್ನು ಪಕ್ಕಕ್ಕಿಟ್ಟು, ಒಂದು ಜಾಬ್ (ಯಂತ್ರದಲ್ಲಿ ತಯಾರಾಗುವ ಲೋಹದ ತುಂಡು) ಮತ್ತು ವರ್ನಿಯರ್ (ಮಿಲಿಮೀಟರಿಗಿಂತ ಸಣ್ಣ ಅಳತೆ ತೋರಿಸುವ ಸಾಧನ) ಮುಂದೆ ತಳ್ಳಿ 'ಅಳೆದು ಹೇಳು' ಅಂದಾಗ ಮಾತ್ರ ಕೈ ಓಡುವುದಿಲ್ಲ. ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಅಂತ ಎರಡು ವರ್ಷ ಕಲಿತವರೂ ಇಲ್ಲೇ ಎಡವುತ್ತಾರೆ.

ಹಂತ 1: ಕಾಗದಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಸರ್ಟಿಫಿಕೇಟ್, ಆಧಾರ್ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ.

ಹಂತ 2: ಹೆಸರು ಹಚ್ಚುವುದು. ಮೊದಲ ಮೆಟ್ಟಿಲು ಅಪ್ರೆಂಟಿಸ್ ಆಗುವುದು, ಅಂದರೆ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವುದು. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೀವೇ ನೋಂದಾಯಿಸಿ. 'ನಾನು ಮಾಡಿಸಿ ಕೊಡ್ತೀನಿ, ಇಷ್ಟು ಕೊಡು' ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಾಗಂತ ಪೋರ್ಟಲ್ ನೋಡ್ತಾ ಮನೆಯಲ್ಲಿ ಕೂರಲೂಬೇಡಿ. ಉದ್ಯಮಬಾಗ, ಮಚ್ಛೆ, ಹೊನಗಾ ಎಲ್ಲ ಕಡೆ ಗೇಟಿಗೇ ಹೋಗಿ ಕೇಳಿ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು ಅಂತ ಕಾನೂನಿದೆ. 4ರಿಂದ 29 ಜನ ಇರುವಲ್ಲಿ ಅದು ಅವರಿಷ್ಟ. ನನ್ನ ಮಾತು ಕೇಳುವುದಾದರೆ ಸಣ್ಣ ವರ್ಕ್‌ಶಾಪ್‌ಗೇ ಹೋಗಿ. ಅಲ್ಲಿ ಲೇತೂ ಕೈಗೆ ಸಿಗುತ್ತದೆ, ಡ್ರಿಲ್ಲಿಂಗೂ ಸಿಗುತ್ತದೆ. ದೊಡ್ಡ ಕಡೆ ಒಂದೇ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರದ ಬಾಗಿಲು ತೆಗೆದು ಮುಚ್ಚುವುದರಲ್ಲೇ ವರ್ಷ ಕಳೆದುಹೋಗಬಹುದು.

ಹಂತ 3: ಅಳತೆ. ಇಲ್ಲಿ ಅವಸರ ಬೇಡ. ಜಾಬ್ ಕೈಗೆತ್ತಿಕೊಂಡ ಕೂಡಲೇ ಅಂಚು ಮುಟ್ಟಿ ನೋಡಿ. ಬರ್ (ಅಂಚಿನಲ್ಲಿ ಚೂಪಾಗಿ ಉಳಿದ ಲೋಹ) ಇದ್ದರೆ ಅರದಿಂದ ಉಜ್ಜಿ ತೆಗೆಯಿರಿ, ಎಣ್ಣೆ ಒರೆಸಿ. ಆಮೇಲೆ ವರ್ನಿಯರ್‌ನ ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ಕಾಣಬಾರದು, ಮೇನ್ ಸ್ಕೇಲ್ ಮತ್ತು ಜಾರುವ ವರ್ನಿಯರ್ ಸ್ಕೇಲ್, ಎರಡರ ಸೊನ್ನೆಯೂ ಕೂಡಿರಬೇಕು. ಕೂಡದಿದ್ದರೆ ಬಾಯಿಬಿಟ್ಟು ಹೇಳಿ: 'ಸರ್, ಇದರಲ್ಲಿ ಝೀರೋ ಎರರ್ ಇದೆ.' ಕೆಲವರು ಬೇಕಂತಲೇ ಅಂಥದ್ದನ್ನು ಇಟ್ಟಿರುತ್ತಾರೆ.

ಈಗ ಓದುವುದು. ವರ್ನಿಯರ್‌ನ ಸೊನ್ನೆ ಮೇನ್ ಸ್ಕೇಲ್‌ನಲ್ಲಿ 24 ದಾಟಿದೆ, 25 ಮುಟ್ಟಿಲ್ಲ ಅಂತಿಟ್ಟುಕೊಳ್ಳಿ. ವರ್ನಿಯರ್‌ನ 17ನೇ ಗೆರೆ ಮೇಲಿನ ಒಂದು ಗೆರೆಗೆ ನೇರ ಕೂಡಿದೆ. ಲೀಸ್ಟ್ ಕೌಂಟ್ (ಅದು ತೋರಿಸುವ ಅತಿ ಸಣ್ಣ ಅಳತೆ) 0.02 ಮಿ.ಮೀ. ಆದರೆ 17ಕ್ಕೆ 0.34. ಒಟ್ಟು 24.34 ಮಿ.ಮೀ. 'ಸುಮಾರು ಇಪ್ಪತ್ನಾಲ್ಕು ಸರ್' ಅಂದರೆ ಅಲ್ಲಿಗೆ ಮುಗಿಯಿತು. ಕಣ್ಣು ಗೆರೆಯ ನೇರಕ್ಕಿರಲಿ. ಓರೆಯಾಗಿ ನೋಡಿದರೆ ಪಕ್ಕದ ಗೆರೆ ಕೂಡಿದಂತೆ ಕಾಣುತ್ತದೆ.

ಮೈಕ್ರೋಮೀಟರ್ ಕೊಟ್ಟರೆ ಇನ್ನೂ ಹುಷಾರು. ಥಿಂಬಲ್ (ತಿರುಗಿಸುವ ಕೊಳವೆ) ಹಿಡಿದು ಜಿ-ಕ್ಲಾಂಪಿನ ಹಾಗೆ ಬಿಗಿಯಬೇಡಿ; ಕೊನೆಗೆ ತುದಿಯಲ್ಲಿರುವ ಸಣ್ಣ ಗುಂಡಿಯಾದ ರ‍್ಯಾಚೆಟ್ ತಿರುಗಿಸಿ, ಟಿಕ್ ಟಿಕ್ ಅಂದರೆ ಸಾಕು. ಎಲ್ಲರೂ ತಪ್ಪುವುದು ಅರ್ಧ ಮಿಲಿಮೀಟರ್ ಗೆರೆಯಲ್ಲಿ. ಸ್ಲೀವ್‌ನಲ್ಲಿ (ತಿರುಗದ ಒಳಕೊಳವೆಯಲ್ಲಿ) 12 ಕಾಣುತ್ತಿದೆ, ಅದರಾಚೆ ಅರ್ಧದ ಗೆರೆಯೂ ಹೊರಬಂದಿದೆ, ಥಿಂಬಲ್ 28ರಲ್ಲಿದೆ. 12 + 0.50 + 0.28, ಉತ್ತರ 12.78. ಹುಡುಗ 12.28 ಅನ್ನುತ್ತಾನೆ. ಶಾಪ್‌ನಲ್ಲಿ ಆ ಅರ್ಧ ಮಿಲಿಮೀಟರ್ ಅಂದರೆ ಕಾಸ್ಟಿಂಗ್ (ಎರಕ ಹೊಯ್ದ ತುಂಡು) ನೇರ ಸ್ಕ್ರ್ಯಾಪಿಗೆ, ಫೌಂಡ್ರಿಯವರ ಶ್ರಮವೂ ಅದರ ಜೊತೆಗೇ.

ದುಂಡನೆಯ ಜಾಬ್ ಆದರೆ ತಿರುಗಿಸಿ ಎರಡು ಕಡೆ ಅಳೆಯಿರಿ. ಲೇತ್‌ನಿಂದ ಆಗಷ್ಟೇ ಇಳಿದದ್ದಾದರೆ ಆರಲು ಬಿಡಿ. 100 ಮಿ.ಮೀ. ಉಕ್ಕು 40 ಡಿಗ್ರಿ ಬಿಸಿಯೇರಿದರೆ ಸುಮಾರು 0.05 ಮಿ.ಮೀ. ಉಬ್ಬುತ್ತದೆ. ಬಿಸಿಯಲ್ಲಿ ಸರಿ ಇದ್ದದ್ದು ಬೆಳಗ್ಗೆ ಸಣ್ಣದಾಗಿರುತ್ತದೆ.

ಅಂದಹಾಗೆ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಡಿಜಿಟಲ್ ಕ್ಯಾಲಿಪರ್ ಕೊಳ್ಳಬೇಡಿ. ಸ್ವಲ್ಪ ಒತ್ತಿದರೂ ಬಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಅಂದರೆ ಗೆರೆ ಓದುವ ಅಭ್ಯಾಸವೇ ತಪ್ಪಿಹೋಗುತ್ತದೆ. ಸ್ಟೀಲಿನ ಸಾದಾ ವರ್ನಿಯರ್ ಸೆಕೆಂಡ್ ಹ್ಯಾಂಡ್ ಆದರೂ ತಗೊಳ್ಳಿ. ಮನೆಯಲ್ಲಿ ನಾಣ್ಯ, ಬೇರಿಂಗ್, ಪೈಪು ಸಿಕ್ಕಿದ್ದೆಲ್ಲ ಅಳೆದು ಬರೆದಿಡಿ. ಮರುದಿನ ಬರೆದದ್ದನ್ನು ನೋಡದೆ ಮತ್ತೆ ಅಳೆಯಿರಿ. ಎರಡೂ ಹೊಂದುವವರೆಗೆ ಇಂಟರ್‌ವ್ಯೂಗೆ ಹೋಗಬೇಡಿ.

ಹಂತ 4: ಕರಾರು. 'ನಾಳೆಯಿಂದ ಬಾ' ಅಂದರೆ ಸುಮ್ನೆ ತಲೆಯಾಡಿಸಬೇಡಿ. ಅಪ್ರೆಂಟಿಸ್ ಅಂತಲೋ, ಗುತ್ತಿಗೆದಾರರ ಕೈಕೆಳಗೆ ಹೆಲ್ಪರ್ ಅಂತಲೋ ಕೇಳಿ. ಹೆಲ್ಪರ್‌ಗೆ ಕೈಗೆ ನಾಲ್ಕು ಕಾಸು ಜಾಸ್ತಿ ಸಿಗಬಹುದು, ಆದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುವುದಿಲ್ಲ. 2019ರ ನಿಯಮದಲ್ಲಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7,000 ರೂ. ಸ್ಟೈಪೆಂಡ್ ಗೊತ್ತುಮಾಡಿದ್ದರು; ಈಗಿನ ಕನಿಷ್ಠ ಎಷ್ಟು ಅಂತ ವಿಚಾರಿಸಿ, ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಅದರಲ್ಲಿ ಸರ್ಕಾರದ ಪಾಲು ನೇರ ನಿಮ್ಮ ಖಾತೆಗೇ ಬರುತ್ತದೆ, ಅದಕ್ಕೇ ಮೊದಲು ಆಧಾರ್ ಜೋಡಿಸಿ ಅಂದದ್ದು. ಸಹಿ ಹಾಕಿದ ವಾರದೊಳಗೆ ಪೋರ್ಟಲ್ ತೆರೆದು, ನಿಮ್ಮ ಕರಾರು ಅಲ್ಲಿ ಏರಿದೆಯಾ ನೋಡಿ. ಏರದಿದ್ದರೆ ಆವತ್ತೇ ಆಫೀಸಿಗೆ ಹೋಗಿ ಕೇಳಿ.